ಕಬುಲ ನೋಡದ ಆಟ

“ಅಲೆ ಬಂತು ನೋಡ್ರೋ. ಸ್ವಲ್ಪ ಸರಿ ಶಿಜ, ನಿನ್ನ ತಲೆ ಅಡ್ಡ ಬರ್ತಿದೆ.”

ಶಾಲೆಯ ಟ್ಯಾಬ್ಲೆಟ್‌ನ ಸುತ್ತ ಹನ್ನೊಂದು ತಲೆಗಳು ಬಾಗಿದ್ದವು. ಪರದೆಯ ಮೇಲೆ ಸಂಜೆಯ ಸರೋವರ ಮಿನುಗುತ್ತಿತ್ತು. ಅದರ ಮುಂದೆ ಅಳಿಗುಳಿಮಣೆಯಂಥ ಮರದ ಬಾವೊ ಮಣೆ. ಮಣೆಯ ಗುಳಿಗಳಲ್ಲಿ ಬೂದು ಬಣ್ಣದ ಕಾಯಿಗಳು, ಒಂದೊಂದಕ್ಕೂ ಒಂದು ಪುಟ್ಟ ನೆರಳು. ಮಿಲೆಂಬೆ ಒಂದು ಗುಳಿಯನ್ನು ಮುಟ್ಟಿದಳು. ಅಲ್ಲಿದ್ದ ಕಾಯಿಗಳು ಮೇಲೆದ್ದು, ಬಿಸಿಲಿಗೆ ಹೊಳೆದು, ಮುಂದಿನ ಗುಳಿಗಳಿಗೆ ಒಂದೊಂದಾಗಿ ಇಳಿದವು.

ಮಿಲೆಂಬೆಗೆ ತಾನು ಆ ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದೇನೆ ಅನಿಸಿತು. ಮೂರು ವಾರ, ಶಾಲೆ ಬಿಟ್ಟ ಮೇಲೂ ಕೂತು, ಆ ನೀರಿಗೆ ಬಣ್ಣ ಹಚ್ಚಿದವಳು ಅವಳೇ.

“ಇದು ಎಂಬಿಂಗು ಎಂಜಿನ್,” ಎಂದರು ಲುಹೆಂದೆ ಮೇಷ್ಟ್ರು. “ಈಗ ಇನ್ನೊಂದು, ಕೊಕೊಟೊ ನೋಡಿ.”

ಎಂಜಿನ್ ಎಂದರೆ ಆಟದೊಳಗೆ ಕೂತು ಚಿತ್ರ ಬಿಡಿಸುವ ಕೆಲಸಗಾರ. ಯಾವ ಕಾಯಿ ಎಲ್ಲಿ ಬೀಳಬೇಕೆಂದು ನಾವು ಹೇಳಿಕೊಟ್ಟರೆ ಸಾಕು, ಉಳಿದದ್ದನ್ನು ಅದೇ ಬಿಡಿಸಿ ತೋರಿಸುತ್ತದೆ. ಎಂಬಿಂಗು ಮಿಲೆಂಬೆಯ ನೀರಿಗೆ ಅಲೆ ಕೊಟ್ಟು, ನೆರಳು, ಬಿಸಿಲು ಎಲ್ಲವನ್ನೂ ಬಿಡಿಸಿತ್ತು. ಕೊಕೊಟೊ ಬಿಡಿಸಿದ್ದು ದುಂಡನೆಯ ಗುಳಿ, ಅದರೊಳಗೆ ದುಂಡನೆಯ ಚುಕ್ಕಿ. ಅಷ್ಟೇ.

“ಮೇಷ್ಟ್ರೇ, ಈ ಮಣೆಗೆ ಚಿಕನ್‌ಪಾಕ್ಸ್ ಬಂದಿದೆ,” ಎಂದ ಶಿಜ. ಎಲ್ಲರೂ ಬಿದ್ದು ಬಿದ್ದು ನಕ್ಕರು.

“ನಗೋದು ಆಮೇಲೆ. ಇವು ಬರೀ ಸ್ಯಾಂಪಲ್. ಶಾಲೆಯ ನೆಟ್ ಪ್ಯಾಕ್‌ನಲ್ಲಿ ಪೂರ್ತಿ ಇಳಿಸಿಕೊಳ್ಳೋಕೆ ಆಗೋದು ಒಂದೇ ಎಂಜಿನ್ನು. ಆಟ ಯೋಚಿಸಿದ್ದು ಮಿಲೆಂಬೆ, ಯಾವುದು ಅಂತ ಅವಳೇ ಹೇಳಲಿ. ಸೋಮವಾರ ಬೆಳಿಗ್ಗೆವರೆಗೂ ಟೈಮ್ ಇದೆ.”

“ಅದರಲ್ಲಿ ಹೇಳೋಕೇನಿದೆ?” ಎಂದ ಶಿಜ.

ಮಿಲೆಂಬೆಯ ಮನಸ್ಸಿನಲ್ಲೂ ಎಂಬಿಂಗುವೇ ಇತ್ತು. ಆದರೆ ಮೊದಲು ಕಬುಲಳಿಗೆ ತೋರಿಸಬೇಕು. ಅವಳು ಏನೆನ್ನುತ್ತಾಳೋ ಕೇಳಬೇಕು.

ಕಬುಲ ಅವಳ ಜೀವದ ಗೆಳತಿ. ಹೋದ ವರ್ಷದವರೆಗೂ ಇಬ್ಬರೂ ತಮ್ಮೂರು ಮ್ವಾಂಜದ ದೊಡ್ಡ ಬಂಡೆಗಳ ನೆರಳಿನಲ್ಲಿ, ನೆಲಕ್ಕೇ ಗುಳಿ ತೋಡಿಕೊಂಡು, ದಿನವೂ ಬಾವೊ ಆಡುತ್ತಿದ್ದರು. ಆಮೇಲೆ ಕಬುಲಳ ಅಪ್ಪನಿಗೆ ಸರೋವರದ ನಡುವಿನ ಉಕೆರೆವೆ ದ್ವೀಪದಲ್ಲಿ ಮೀನುದೋಣಿಯ ಕೆಲಸ ಸಿಕ್ಕಿತು. ಹೊರಟ ದಿನ ಕಬುಲ ಅಳುತ್ತಿದ್ದಾಗ ಮಿಲೆಂಬೆ ಮಾತು ಕೊಟ್ಟಿದ್ದಳು: “ಫೋನಲ್ಲಿ ಆಡೋ ಹಾಗೆ ಮಾಡ್ತೀನಿ ಕಣೇ. ನೀನು ಅಲ್ಲಿಂದ, ನಾನು ಇಲ್ಲಿಂದ.” ಈ ಆಟ ಹುಟ್ಟಿದ್ದೇ ಆ ಮಾತಿನಿಂದ.

ಶನಿವಾರ ಕಬುಲ ಬಂದಳು. ಅವಳ ಸೋದರತ್ತೆ ಒಣಮೀನು ಮಾರಲು ಮ್ವಾಂಜದ ಮಾರ್ಕೆಟ್ಟಿಗೆ ಬಂದಿದ್ದರು. ವ್ಯಾಪಾರ ಮುಗಿಸಿ ಮೂವರೂ ದೋಣಿಕಟ್ಟೆಯ ಮೆಟ್ಟಿಲ ಮೇಲೆ ಕೂತರು. ದೊಡ್ಡ ದೋಣಿ ಹೊರಡಲು ಇನ್ನೂ ಒಂದು ಗಂಟೆಯಿತ್ತು. ನೀರಿನ ಮೇಲೆ ಬಿಸಿಲು ಮಲಗಿತ್ತು. ಗಾಳಿಗೂ ನಿದ್ದೆ ಬಂದಿತ್ತು.

ಕಬುಲ ದ್ವೀಪದಿಂದ ಆಡಬೇಕಾದ್ದು ಅತ್ತೆಯ ಹಳೇ ಫೋನಿನಲ್ಲೇ. ಅದರ ಮೂಲೆ ಒಡೆದು, ಹಿಂದಿನ ಮುಚ್ಚಳಕ್ಕೆ ರಬ್ಬರ್ ಬ್ಯಾಂಡ್ ಹಾಕಿತ್ತು. ಮಿಲೆಂಬೆ ಅಮ್ಮನ ಫೋನಿನಿಂದ ಎರಡೂ ಸ್ಯಾಂಪಲ್‌ಗಳನ್ನು ಅದಕ್ಕೆ ಕಳಿಸಿ, ಮೊದಲು ಎಂಬಿಂಗುವನ್ನು ತೆರೆದಳು.

ಕಬುಲ ಗುಳಿಯನ್ನು ಮುಟ್ಟಿದಳು. ಫೋನು ಸ್ವಲ್ಪ ಹೊತ್ತು ಯೋಚಿಸಿತು. ನೀರು ತುಂಡು ತುಂಡಾಗಿ ಅಲುಗಿತು. ಕಾಯಿಗಳು ಮೇಲೆದ್ದು ಅಲ್ಲೇ ನಿಂತವು. ಆಮೇಲೆ ಟಕ್. ಮತ್ತೆ ಸುಮ್ಮನೆ. ಟಕ್.

“ತುಂಬಾ ಚೆನ್ನಾಗಿದೆ ಕಣೇ,” ಎಂದಳು ಕಬುಲ. “ನೀರು ನೀರಿನ ಹಾಗೇ ಇದೆ.”

“ಅಯ್ಯೋ, ನನ್ನ ಫೋನು ಕಾದ ಬಾಣಲೆ ಆಗಿದೆಯಲ್ಲ,” ಎಂದರು ಅತ್ತೆ ಅದನ್ನು ಮುಟ್ಟಿ. “ಉಳಿದ ಮೀನು ಇದರ ಮೇಲೇ ಹುರಿದುಬಿಡಲಾ?”

ಮಿಲೆಂಬೆ ನಗಲು ಹೋದಳು, ಆಗಲಿಲ್ಲ. ಏನೋ ಸರಿಯಿಲ್ಲ ಅನಿಸಿತು. ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಕಬುಲ ಮಣೆಯನ್ನು ನೋಡುತ್ತಿದ್ದಳು.

ಕಬುಲ ಯಾವತ್ತೂ ಮಣೆ ನೋಡಿ ಆಡಿದವಳಲ್ಲ. ಅವಳ ಕೈ ಕಾಯಿ ಹಾಕುತ್ತಿದ್ದರೆ ಕಣ್ಣು ದಾರಿಯ ಮೇಲಿರುತ್ತಿತ್ತು, ಇಲ್ಲವೇ ಯಾರದೋ ಮೇಕೆಯ ಮೇಲೆ. ಕಾಯಿಗೆ ಕಾಯಿ ತಾಗುವ ಸದ್ದೇ ಅವಳಿಗೆ ಲೆಕ್ಕ. ಬಾಯಿ ಮಾತ್ರ ಎದುರಿಗೆ ಕೂತವರನ್ನು ಬಿಡದೆ ಗೇಲಿ ಮಾಡುತ್ತಿತ್ತು. ಈಗ ಅವಳು ಪರೀಕ್ಷೆಗೆ ಕೂತವಳ ಹಾಗೆ ಪರದೆ ನೋಡುತ್ತಾ, ಮುಂದಿನ ಟಕ್ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದಳು. ಗೇಲಿಯ ಒಂದು ಮಾತೂ ಇಲ್ಲ.

ಮಿಲೆಂಬೆ ಕೊಕೊಟೊ ತೆರೆದಳು. “ಇದು ಅಷ್ಟು ಚೆಂದ ಇಲ್ಲ. ಸುಮ್ನೆ ಆಡಿ ನೋಡು.”

ಕಬುಲ ಮುಟ್ಟಿದಳು. ಟಕ್ ಟಕ್ ಟಕ್ ಟಕ್. ಬೆರಳು ಎತ್ತುವುದರೊಳಗೆ ಕಾಯಿಗಳು ಬಿದ್ದಿದ್ದವು. ಮಿಲೆಂಬೆ ಆಡಿದಳು. ಮತ್ತೆ ಕಬುಲ. ಮೂರನೇ ಸಲ ಆಡುವ ಹೊತ್ತಿಗೆ ಕಬುಲಳ ಕಣ್ಣು ಪರದೆಯಿಂದ ಮೆಲ್ಲನೆ ಜಾರಿ ನೀರಿನ ಕಡೆ ಹೋಯಿತು.

“ನೋಡೇ ಆ ಬೋಳುತಲೆ ಕೊಕ್ಕರೆ, ನಿಮ್ಮ ಹೆಡ್‌ಮಾಸ್ಟರ್ ಥರಾನೇ ನಡೀತಿದೆ,” ಎಂದಳು. ಟಕ್ ಟಕ್ ಟಕ್. “ಅಂದ ಹಾಗೆ ನಿನ್ನ ಮೂಲೆ ಗುಳಿ ಖಾಲಿ ಆಯ್ತು. ಮನೆಗೆ ಹೋಗಿ ಒಂದು ಸಲ ಅತ್ತುಬಿಡು.”

ಮಿಲೆಂಬೆಗೆ ಚುರುಕ್ ಎಂದಿತು. ಇದರಲ್ಲಿ ಅವಳು ಬಣ್ಣ ಹಚ್ಚಿದ ನೀರೇ ಇಲ್ಲ. ಇರುವ ನಾಲ್ಕು ಚುಕ್ಕಿಗಳನ್ನೂ ಕಬುಲ ನೋಡುತ್ತಿಲ್ಲ. ಆದರೆ ಬಂಡೆಯ ನೆರಳಿನಲ್ಲಿ ಅವಳ ಎದುರು ಕೂರುತ್ತಿದ್ದ ಕಬುಲ ಇವಳೇ. ಇಷ್ಟು ದಿನ ಕಾದದ್ದು ಇವಳಿಗೇ. ಮಿಲೆಂಬೆಗೆ ಅಳುವೂ ಬಂತು, ನಗುವೂ ಬಂತು.

“ಕೊಡಿಲ್ಲಿ, ಸೋಮವಾರ ಮೇಷ್ಟ್ರಿಗೆ ಕೊಕೊಟೊ ಅಂತಾನೇ ಹೇಳ್ತೀನಿ,” ಎಂದು ಫೋನು ಇಸಕೊಂಡು ಎಂಬಿಂಗುವಿನ ಮೇಲೆ ಬೆರಳು ಒತ್ತಿ ಹಿಡಿದಳು. ಅಳಿಸಲೇ ಎಂದು ಫೋನು ಕೇಳಿತು. ಬೆರಳು ಒಂದು ಗಳಿಗೆ ತಡೆಯಿತು. ಆಮೇಲೆ ಹೌದು ಎಂದು ಒತ್ತಿತು.

“ಅಯ್ಯೋ, ಆ ನೀರು ಎಷ್ಟು ಚೆನ್ನಾಗಿತ್ತು,” ಎಂದಳು ಕಬುಲ.

“ನಿಮ್ಮೂರಿನ ಸುತ್ತ ಅದೇ ಇದೆಯಲ್ಲ. ಸಾಲದಾ?” ಎಂದು ಮಿಲೆಂಬೆ ಫೋನು ವಾಪಸು ಕೊಟ್ಟಳು.

ಕಬುಲ ಕಿಲಕಿಲ ನಕ್ಕಳು. ಅತ್ತೆ ಬುಟ್ಟಿ ಎತ್ತಿಕೊಂಡು, “ಬೇಗ ಮುಗಿಸ್ರೇ, ದೋಣಿ ನಮ್ಮನ್ನ ಕಾಯಲ್ಲ,” ಎಂದರು.

“ನಿನ್ನ ಆಟ,” ಎಂದು ಕಬುಲ ಫೋನನ್ನು ಮಿಲೆಂಬೆಯ ಕಡೆ ಚಾಚಿದಳು, ನೀರನ್ನೇ ನೋಡುತ್ತಾ.

ಮಿಲೆಂಬೆ ಗುಳಿಯನ್ನು ಮುಟ್ಟಿ ತಾನೂ ನೀರಿನ ಕಡೆ ನೋಡಿದಳು. ಟಕ್ ಟಕ್ ಟಕ್ ಟಕ್ ಟಕ್. ಕೊನೆಯ ಕಾಯಿ ಯಾವ ಗುಳಿಗೆ ಬಿತ್ತೆಂದು ಇಬ್ಬರಿಗೂ ಗೊತ್ತಿತ್ತು.