ಹಗ್ಗದ ತುದಿಯ ಮಾತು

"ಸೂಗಪ್ಪನವರ, ಮಾತಾಡ್ರಿ. ಸುಮ್ಮನಾದ್ರ ಹಗ್ಗ ಎಳೀತೀನಿ ನೋಡ್ರಿ."

"ಏನಂತ ಮಾತಾಡ್ಲಿರಿ ಮೇಡಂ?"

"ಮುಂಜಾನೆ ಏನ್ ತಿಂದ್ರಿ, ಅದನ್ನರ ಹೇಳ್ರಿ."

"ಉಪ್ಪಿಟ್ಟು. ನಾನ ಮಾಡಿದ್ದು. ಸೀದಿತ್ತು."

ಮೇಲೆ, ಸೂಗಪ್ಪನ ಸೊಂಟಕ್ಕೆ ಕಟ್ಟಿ ರಾಟೆಗೆ ಹಾಕಿದ ಹಗ್ಗ ಹಿಡಿದು ನಿಂತಿದ್ದ ವತ್ಸಲಾ ನಕ್ಕಳು. ಇಟ್ಟಿಗೆಗಳ ಗಟ್ಟಿತನ ಪರೀಕ್ಷಿಸುವುದು ಅವಳ ಕೆಲಸ. ನೆಲದೊಳಗಿನ ಕೋಣೆಯಲ್ಲಿ ಇಟ್ಟಿಗೆ ಜೋಡಿಸುವುದು, ಆ ಕೋಣೆ ತೊಳೆಯುವುದು ಸೂಗಪ್ಪನದು.

ಹೈದರಾಬಾದಿನ ಕುಷಾಯಿಗೂಡದ ಆ ಇಟ್ಟಿಗೆ ಕಾರ್ಖಾನೆಗೆ, ಕಲ್ಲಿದ್ದಲು ಸುಡುವ ವಿದ್ಯುತ್ ಸ್ಥಾವರದ ಹೊಗೆಯಿಂದ ಹಿಡಿದ ಕಾರ್ಬನ್ ಡೈಆಕ್ಸೈಡ್ ಟ್ಯಾಂಕರಿನಲ್ಲಿ ಬರುತ್ತಿತ್ತು. ಅದೇ ಸ್ಥಾವರದ ಬೂದಿಗೆ ಸುಣ್ಣ ಕಲಸಿ ಮಾಡಿದ ಹಸಿ ಇಟ್ಟಿಗೆಗಳು ನೆಲದೊಳಗಿನ ಕೋಣೆಯಲ್ಲಿ ಆ ಗ್ಯಾಸನ್ನು ಹೀರಿಕೊಂಡು ಕಲ್ಲಾಗುತ್ತಿದ್ದವು. ಕೊಂಡಾಪುರದಲ್ಲಿ ಸಾಫ್ಟ್‌ವೇರ್ ಕಟ್ಟಡಗಳು ಏಳುತ್ತಿದ್ದ ಕಾಲ, ಗಿರಾಕಿಗಳಿಗೆ ಬರವಿರಲಿಲ್ಲ. ಆದರೆ ಆ ಗ್ಯಾಸು ಗಾಳಿಗಿಂತ ಭಾರ, ಕಣ್ಣಿಗೆ ಕಾಣದು. ಎಷ್ಟು ಫ್ಯಾನು ಹಾಕಿದರೂ ಮೂಲೆಯಲ್ಲಿ ಉಳಿದಿರಬಹುದು. ಅದಕ್ಕೇ ಕೆಳಗಿಳಿದವರು ಮಾತು ನಿಲ್ಲಿಸಬಾರದು. ನಿಂತರೆ, ಮೇಲಿದ್ದವರು ಎಳೆಯಬೇಕು.

ಇಡೀ ಹೈದರಾಬಾದಿನಲ್ಲಿ ಸೂಗಪ್ಪನನ್ನು ಕನ್ನಡದಲ್ಲಿ ಮಾತಾಡಿಸುವವಳು ವತ್ಸಲಾ ಒಬ್ಬಳೇ. ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಅವನ ಸಂಜೆಯ ಮಾತು ಮುಗಿಯುತ್ತಿತ್ತು. ರೂಮಿನಲ್ಲಿ, ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಎದುರು ನಿಂತರೆ ಅವಳೊಡನೆ ನಾಲಿಗೆ ಏಳದು. ಕೆಳಗಿಳಿದರೆ, ಮುಖ ಕಾಣದ ಕಾರಣ, ಸರಾಗ. ಕೋಣೆ ಸ್ವಚ್ಛವಿದ್ದರೂ ತೊಳೆಯಬೇಕೆನ್ನುತ್ತಿದ್ದ.

ಅವಳಿಗೆ ಅದು ತಿಳಿಯದ್ದೇನಲ್ಲ. ಎಲ್ಲರೂ ಊರಿಗೆ ಹೋದ ಹಾಸ್ಟೆಲಿನಲ್ಲಿ ಒಬ್ಬಳೇ ಉಣ್ಣುವ ಭಾನುವಾರಗಳು ಅವಳಿಗೂ ಇದ್ದವು. ಸ್ವಚ್ಛ ಕೋಣೆಯನ್ನೇ ಅವನು ಮತ್ತೆ ತೊಳೆಯುವಾಗಲೂ ತಕರಾರಿಲ್ಲದೆ ಹಗ್ಗ ಹಿಡಿಯುತ್ತಿದ್ದಳು.

"ಈ ಐತವಾರ ಕಲಬುರಗಿಗೆ ಬಾ ಅಂದಾರ ಮನ್ಯಾಗ," ಎಂದಳು ಇವತ್ತು. "ನನ್ನ ನೋಡಾಕ ಬರಾಕತ್ತಾರಂತ. ಹುಡುಗ ಪುಣೆದಾಗ ಇರ್ತಾನ."

ಕೆಳಗೆ ಪೊರಕೆಯ ಸದ್ದು ಜೋರಾಯಿತು. "ಛಲೋ ಆತಲ್ರಿ."

"ಖರೇನ ಛಲೋ ಆತಾ?" ಅವಳು ಬಗ್ಗಿ ಕತ್ತಲೊಳಗೆ ನೋಡಿದಳು. "ಹಂಗಾದ್ರ ಹೂಂ ಅನ್ಲೇನ್ರಿ?"

ಪೊರಕೆ ನಿಂತಿತು.

"ಸೂಗಪ್ಪನವರ?"

ಇನ್ನೊಮ್ಮೆ ಕೂಗಿದಳು, ಮೂರನೇ ಸಲಕ್ಕೆ ಕಾಯಲಿಲ್ಲ.

ಅವಳು ಕಾಲೂರಿ ಹಗ್ಗ ಎಳೆದಳು. ರಾಟೆ ಕಿರುಗುಟ್ಟಿತು, ಅಂಗೈ ಸುಲಿಯಿತು. ಏಣಿಗೆ ಮೊಣಕಾಲು ಬಡಿಸಿಕೊಳ್ಳುತ್ತ ಅವನ ತಲೆ ಮೇಲೆ ಬಂತು. ಕಣ್ಣು ತೆರೆದೇ ಇತ್ತು.

"ಉಸಿರಾಡಾಕ ಆಗ್ತೈತೇನ್ರಿ?"

"ಆಗ್ತೈತ್ರಿ."

"ಮತ್ತ್ಯಾಕ ಸುಮ್ಮನಾದ್ರಿ? ನನ್ನ ಜೀವಾನ ಹೋಗಿತ್ತು!" ಅವಳ ಕಣ್ಣು ತುಂಬಿತ್ತು. ಕೈ ಇನ್ನೂ ಹಗ್ಗ ಬಿಟ್ಟಿರಲಿಲ್ಲ.

"ಹೂಂ ಅನ್ರಿ ಅನ್ನಾಕ ಬಾಯಿ ಬರಲಿಲ್ಲ. ಬ್ಯಾಡ ಅನ್ನಾಕ ನಾ ಯಾರ್ರಿ?"

"ಅದನ್ನ ನನ್ನ ಕೇಳ್ತೀರೇನು?"

ಸೂಗಪ್ಪ ಅವಳ ಕೆಂಪಾದ ಅಂಗೈ ನೋಡಿದ. ಆಮೇಲೆ ಮೊದಲ ಸಲ ಅವಳ ಮುಖವನ್ನು ಪೂರ್ತಿ ನೋಡಿದ.

"ಬ್ಯಾಡ ಅನ್ರಿ ಅವರಿಗೆ. ನಾ ಬರ್ತೀನಿ ನಿಮ್ಮ ಮನಿಗೆ, ಶನಿವಾರನ."

"ನಮ್ಮಪ್ಪ ಭಾಳ ಬೈತಾನ."

"ಬೈಲಿ ಬಿಡ್ರಿ," ಎಂದ ಸೂಗಪ್ಪ. "ಕನ್ನಡದಾಗ ಯಾರರ ಬೈದು ಭಾಳ ದಿನ ಆತು."