ಮಿಮೂನನ ಬಲಗಾಲು

ಬೈದಿದ್ದರೆ ಸಾಕಿತ್ತು. ಬಾಯ್ತುಂಬ ಒಂದು ಸಲ ಬೈದುಬಿಟ್ಟಿದ್ದರೆ ಯಾಮ್ನಾಳ ಎದೆ ಹಗುರಾಗುತ್ತಿತ್ತು. ಆದರೆ ಬಾಸ್ಸೂ ಬೈಯುವ ಪೈಕಿಯವನಲ್ಲ. ಲಾಯದ ಬಾಗಿಲಲ್ಲಿ ಅವಳನ್ನು ಕಂಡವನು ಸುಮ್ಮನೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

"ಬಂದ್ಯಾ? ನೋಡ್ಕೊಂಡು ಕಾಲಿಡು, ಹೊಸ್ತಿಲಲ್ಲಿ ಹಿಮ ಗಟ್ಟಿಯಾಗಿದೆ, ಜಾರುತ್ತೆ."

ಅಯ್ಯೋ, ಇಂಥವನನ್ನು ಏನು ಮಾಡುವುದು! ಅವನ ಕುದುರೆಯ ಕಾಲು ಉಳುಕಿ ಹೋಗಿದೆ, ಅದಕ್ಕೆ ಕಾರಣಳಾದವಳು ಎದುರಿಗೇ ನಿಂತಿದ್ದಾಳೆ. ಅವನಿಗೋ ಅವಳು ಜಾರಿ ಬೀಳುತ್ತಾಳೆಂಬ ಚಿಂತೆ.

ಒಳಗೆ ಬೂದು ಬಣ್ಣದ ಮಿಮೂನ್ ಬಲ ಮುಂಗಾಲನ್ನು ಅರ್ಧ ಎತ್ತಿ ನಿಂತಿತ್ತು. ಯಾಮ್ನಾಳನ್ನು ಕಂಡು ಕಿವಿ ನಿಮಿರಿಸಿ ಮೆಲ್ಲಗೆ ಕೆನೆಯಿತು. ಅದಕ್ಕೇನು ಗೊತ್ತು ಪಾಪ! ಅವಳಿಗೆ ಅದರ ಕಣ್ಣನ್ನು ನೋಡಲಾಗಲಿಲ್ಲ.

ಹೋದ ವಾರ ಯಾಮ್ನಾಳ ಅಣ್ಣನ ಮದುವೆ. ಅಟ್ಲಾಸ್ ಬೆಟ್ಟದ ಅವರ ಊರಲ್ಲಿ ಕುದುರೆಗಳಿಲ್ಲದೆ ಮದುವೆಯೇ? ಸವಾರರು ಸಾಲಾಗಿ ನಾಗಾಲೋಟದಲ್ಲಿ ಬರಬೇಕು, ಡೇರೆಯ ಮುಂದೆ ಗಕ್ಕನೆ ನಿಲ್ಲಬೇಕು, ಎಲ್ಲರ ಬಂದೂಕೂ ಒಂದೇ ಸದ್ದಾಗಿ ಹಾರಬೇಕು. ಹೆಂಗಸರು ಭುಜಕ್ಕೆ ಭುಜ ತಾಗಿಸಿ ನಿಂತು, ಅಲ್ಲೇ ಪದ ಕಟ್ಟಿ ಅವರನ್ನು ಕೆಣಕಬೇಕು. ಹೆಸರು ಹಿಡಿದು ಕೆಣಕಿದರಂತೂ ಗಂಡಸು ಸುಮ್ಮನಿರುವ ಹಾಗಿಲ್ಲ. ತಿರುಗಿ ಪದ ಹೇಳಬೇಕು, ಇಲ್ಲವೇ ಕುದುರೆ ಏರಬೇಕು. ಬಾಸ್ಸೂವಿಗೆ ಪದ ಕಟ್ಟಲು ಬರುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿದ್ದ ವಿಷಯ.

ಅವತ್ತು ಅವನು ಸಾಲು ಬಿಟ್ಟು ದೂರ ನಿಂತಿದ್ದ. ಯಾಮ್ನಾಳ ಕಡೆ ತಿರುಗಿಯೂ ನೋಡಿರಲಿಲ್ಲ. ಅವಳು ಅಷ್ಟು ಚೆಂದ ಮಾಡಿಕೊಂಡು ನಿಂತಿದ್ದು ಮತ್ಯಾರಿಗಾಗಿ? ನಾಲಿಗೆ ತುರಿಸಿತು, ಹಾಡಿಯೇಬಿಟ್ಟಳು.

"ಬಾಸ್ಸೂ, ಚಳಿ ನಿನ್ನ ಕುದುರೆಗೋ, ನಿನಗೋ?
ಕಂಬಳಿ ಹೊದಿಸಲೋ, ಒಲೆ ಮುಂದೆ ಕೂರುವೆಯೋ?"

ಮದುವೆಮನೆ ಹೋ ಎಂದು ನಕ್ಕಿತು. ಬಾಸ್ಸೂ ಆಗ ನೋಡಿದ. ಎಂಥಾ ನೋಟ ಅದು! ಅವಳಿಗೆ ಬೇಕಾಗಿದ್ದುದೂ ಅದೇ. ಮರುಕ್ಷಣ ಜೀನಿನ ಮೇಲೆ ಹಾರಿ ಕೂತ. ಓಟವೇನೋ ಬೆಂಕಿಯಂತಿತ್ತು, ಬಂದೂಕುಗಳೂ ಒಟ್ಟಿಗೇ ಹಾರಿದವು. ಆದರೆ ಗಕ್ಕನೆ ನಿಂತ ಮಿಮೂನ್ ಮುಂದಿನ ಹೆಜ್ಜೆ ಇಡಲಿಲ್ಲ.

ಆ ಕಾಲಿಗೆ ಹಳೆಯ ಪೆಟ್ಟು. ಚಳಿಗಾಲ ಬಂತೆಂದರೆ ಕೀಲು ಬಿಗಿಯುತ್ತಿತ್ತು. ಬೆಳಿಗ್ಗೆ ಬಹಳ ಹೊತ್ತು ಮೆಲ್ಲಗೆ ನಡೆಸಿ, ಮೈ ಬಿಸಿಯಾಗಿಸಿದ ಮೇಲೆಯೇ ಜೀನು ಹಾಕಬೇಕು. ಅವತ್ತು ಪದ ಕಿವಿಗೆ ಬಿದ್ದ ಮೇಲೆ ಅದಕ್ಕೆಲ್ಲ ಹೊತ್ತೆಲ್ಲಿತ್ತು?

ಅಂದಿನಿಂದ ಯಾಮ್ನಾ ದಿನವೂ ಬಂದಳು. ಬಾವು ಇದ್ದಷ್ಟು ದಿನ ಹಿಮವನ್ನು ಬಟ್ಟೆಯಲ್ಲಿ ಕಟ್ಟಿ ಕಾಲಿಗೆ ಹಿಡಿದಳು, ಬೆರಳು ಮರಗಟ್ಟಿದರೂ ಬಿಡಲಿಲ್ಲ. ಬಾವು ಇಳಿದ ಮೇಲೆ ಬೆಚ್ಚಗಿನ ಆಲಿವ್ ಎಣ್ಣೆ ತಿಕ್ಕಿದಳು, ಉಣ್ಣೆಯ ಪಟ್ಟಿ ಸುತ್ತಿದಳು. ತಣ್ಣೀರು ಕಂಡರೆ ಮುಖ ತಿರುಗಿಸುತ್ತಿದ್ದ ಕುದುರೆಗೆ ನೀರು ಕಾಯಿಸಿ ಕುಡಿಸಿದಳು. ಒದ್ದೆ ಹುಲ್ಲು ಬಳಿದು ಒಣಹುಲ್ಲು ಹಾಸಿದಳು.

ಅವಳಮ್ಮ ಖಜ್ಜೂ ಸುಮ್ಮನಿರುತ್ತಾಳೆಯೇ? "ಕುದುರೆ ನೋಡೋಕೆ ಹೋಗ್ತೀಯೋ, ಕುದುರೆಯವನನ್ನ ನೋಡೋಕೋ? ಒಂದು ಮಾತು ಹೇಳಿಬಿಡೇ, ನಾನೂ ನೆಮ್ಮದಿಯಾಗಿ ಚಹಾ ಕುಡೀತೀನಿ."

ಎರಡಕ್ಕೂ, ಎಂದು ಹೇಳುವ ಧೈರ್ಯ ಯಾಮ್ನಾಳಿಗೆ ಇರಲಿಲ್ಲ. ಪ್ರೀತಿಸಲು ತನಗೆ ಯಾವ ಮುಖವಿದೆ? ಪಟ್ಟಿ ಸುತ್ತುವಾಗ ಅವನ ಬೆರಳು ಅವಳ ಬೆರಳಿಗೆ ತಾಗುತ್ತಿತ್ತು. ತಾಗಿದ್ದು ಹಿತವೆನಿಸುತ್ತಿತ್ತು. ಹಿತವೆನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು. ಈ ಕುದುರೆಯ ನೋವಿನ ಪಕ್ಕದಲ್ಲೇ ಕೂತು ನನ್ನ ಸುಖ ನೋಡಿಕೊಳ್ಳುತ್ತಿದ್ದೇನಲ್ಲ, ಥೂ!

ಹಿಮ ಕರಗುವ ಹೊತ್ತಿಗೆ ಮಿಮೂನ್ ಅಂಗಳದಲ್ಲಿ ಕುಂಟದೆ ಒಂದು ಸುತ್ತು ಬಂದಿತು. ಬಾಸ್ಸೂ ಹಗ್ಗ ಹಿಡಿದು ಮುಂದೆ, ಯಾಮ್ನಾ ಪಕ್ಕದಲ್ಲಿ.

"ಇನ್ನು ನಡೆಯುತ್ತೆ, ಹೊರೆ ಹೊರುತ್ತೆ," ಎಂದ ಬಾಸ್ಸೂ. "ಸಾಲಿನಲ್ಲಿ ಓಡಲ್ಲ. ಅದು ಮುಗೀತು." ಹಗ್ಗ ಕೈಗೆ ಸುತ್ತಿಕೊಳ್ಳುತ್ತಾ ಹೇಳಿದ. "ನಾಳೆಯಿಂದ ನೀನು ಬರಬೇಕಾಗಿಲ್ಲ, ಯಾಮ್ನಾ."

ಅಲ್ಲಿಗೆ ಮುಗಿಯಿತು ಎಂದುಕೊಂಡಳು. ಕೊನೆಗೂ ದೂರ ಮಾಡಿದನಲ್ಲ, ಮಾಡಲೇಬೇಕು. ಹೋಗುವುದಾದರೆ ಎಲ್ಲ ಹೇಳಿಯೇ ಹೋಗೋಣ ಎನಿಸಿತು.

"ನನಗೆ ಗೊತ್ತಿತ್ತು ಬಾಸ್ಸೂ. ಅವತ್ತು ಬೆಳಿಗ್ಗೆ ನೀನು ಇಳಿಜಾರಲ್ಲಿ ಇದನ್ನ ನಡೆಸ್ತಿದ್ದೆ. ಹೆಜ್ಜೆ ಹೆಜ್ಜೆಗೂ ನೋವಿಗೆ ತಲೆ ಎತ್ತಿ ಹಾಕ್ತಿತ್ತು, ಕಾಲು ಬಿಗಿದಿತ್ತು. ನಾನು ಕಣ್ಣಾರೆ ನೋಡ್ದೆ. ನೋಡಿಯೂ ಹಾಡ್ದೆ. ನೀನು ಒಂದು ಸಲ ತಿರುಗಿ ನೋಡ್ಲಿ ಅಂತ." ಅಳು ತಡೆಯಲಾಗಲಿಲ್ಲ. "ಬೈಯೋ ಮಾರಾಯ! ಒಂದೇ ಒಂದು ಸಲ ಬೈದುಬಿಡು!"

ಬಾಸ್ಸೂ ಬೈಯಲಿಲ್ಲ. ಕುದುರೆಯ ಕುತ್ತಿಗೆ ಸವರುತ್ತಾ ನಿಂತ.

"ನೀನು ನೋಡಿದ್ದನ್ನ ನಾನೂ ನೋಡಿದ್ದೆ," ಎಂದ. "ನೀನು ಹಾಡಿದ್ದು ಎರಡು ಸಾಲು. ಲಗಾಮು ಯಾರ ಕೈಯಲ್ಲಿತ್ತು? ಇಷ್ಟು ವರ್ಷ ನನ್ನನ್ನ ಬೆನ್ನ ಮೇಲೆ ಕೂರಿಸ್ಕೊಂಡಿತು ಇದು. ನಾಲ್ಕು ಜನ ನಕ್ಕರು ಅಂತ, ಅದರಲ್ಲಿ ನೀನೂ ನಕ್ಕೆ ಅಂತ, ಇದರ ಕಾಲು ಕೆಡಿಸಿದೆ. ನಿನ್ನ ಬೈಯೋಕೆ ನನಗೆ ಬಾಯಿ ಎಲ್ಲಿದೆ?"

ಅವನ ದನಿ ಒಡೆದಿದ್ದನ್ನು ಅವಳು ಅದೇ ಮೊದಲು ಕೇಳಿದ್ದು.

"ಅದಕ್ಕೇನಾ ಬರಬೇಡ ಅಂದಿದ್ದು?"

"ಅಲ್ಲ." ನೆಲ ನೋಡುತ್ತಾ ಹೇಳಿದ. "ಮದುವೆ ಮುಗಿದ ಮಾರನೇ ದಿನ ನಿಮ್ಮನೆಗೆ ಹೆಣ್ಣು ಕೇಳೋಕೆ ಬರೋದು ಅಂತ ಅಮ್ಮ ಶಾಸ್ತ್ರಕ್ಕೆ ಕೊಡೋ ಸಕ್ಕರೆ ಗಟ್ಟಿಯನ್ನೂ ತಂದಿಟ್ಟಿದ್ದಳು. ಆಮೇಲೆ ಹೀಗಾಯ್ತು. ಅಮ್ಮ ದಿನಾ ಕೇಳ್ತಾಳೆ, ಯಾವಾಗ ಹೋಗೋಣ ಅಂತ. ನಾನೇ ತಡೀತಿದೀನಿ."

"ಯಾಕೆ?"

"ಈಗ ಕೇಳಿದರೆ ನಿನಗೆ ಬೇಡ ಅನ್ನೋಕೆ ಆಗಲ್ಲ, ಯಾಮ್ನಾ. ಕುದುರೆ ಕಾಲಿಗೆ ಬದಲಾಗಿ ನೀನು ನನ್ನ ಮನೆಗೆ ಬರೋದು ನನಗೆ ಬೇಡ. ಅದಕ್ಕೇ ದಿನಾ ಬರೋದನ್ನ ನಿಲ್ಲಿಸು ಅಂದಿದ್ದು."

ಇಷ್ಟು ದಿನದ ಅವನ ಮೌನವನ್ನೆಲ್ಲ ಯಾಮ್ನಾ ಕೋಪವೆಂದು ಓದಿಕೊಂಡಿದ್ದಳು. ಕಣ್ಣೊರೆಸಿಕೊಂಡಳು, ಸೆರಗಿನಲ್ಲಿ ಮೂಗು ಕೂಡ. ಮಿಮೂನನ ಕಾಲಿನ ನೆನಪು ತಾನು ಬದುಕಿರುವ ತನಕ ಚುಚ್ಚುತ್ತದೆ, ಅದು ಎಲ್ಲಿಗೂ ಹೋಗುವುದಿಲ್ಲ. ಇವನ ಮನೆಗೆ ಹೋದರೂ, ಹೋಗದಿದ್ದರೂ. ಹಾಗಿದ್ದ ಮೇಲೆ ಈ ಮದುವೆಯನ್ನು ಅದರ ಲೆಕ್ಕಕ್ಕೆ ಏಕೆ ಸೇರಿಸಬೇಕು?

"ಕೇಳು," ಎಂದಳು.

"ಏನು?"

"ನಿಮ್ಮಮ್ಮ ಕೇಳೋದು ಆಮೇಲೆ. ಮೊದಲು ನೀನು ಕೇಳು."

ಬಾಸ್ಸೂ ಅವಳತ್ತ ತಿರುಗಿದ. "ನನ್ನ ಮದುವೆ ಆಗ್ತೀಯಾ?"

"ಬೇಡ."

ಬಾಸ್ಸೂ ತಲೆಯಾಡಿಸಿದ, ಸರಿ ಎನ್ನುವಂತೆ. ಹಗ್ಗ ಎಳೆದು ಲಾಯದತ್ತ ತಿರುಗಿಯೂಬಿಟ್ಟ ಪುಣ್ಯಾತ್ಮ! ಯಾಮ್ನಾ ಅವನ ತೋಳು ಹಿಡಿದು ನಿಲ್ಲಿಸಿದಳು.

"ಬೇಡ ಅನ್ನೋಕೆ ನನಗೆ ಆಯ್ತಲ್ಲ, ನೋಡಿದ್ಯಾ?" ಹಿಡಿದ ತೋಳನ್ನು ಬಿಡಲಿಲ್ಲ. "ಈಗ ಇನ್ನೊಂದು ಸಲ ಕೇಳು."