ಪಾತ್ರೆಯ ತಳದ ಹೆಸರುಗಳು

ಒಂದು ಸುರುಳಿ ಕಾಗದದ ಟೇಪಿಗೆ ಮೂರು ಡಾಲರ್. ವಕೀಲರ ಒಂದು ಗಂಟೆಗೆ ಇನ್ನೂರೈವತ್ತು. ಆರ್ಡಿಸ್ ಅಜ್ಜಿ ಟೇಪನ್ನೇ ಕೊಂಡಿದ್ದಳು. ಅದರ ತುಂಡುಗಳೆಲ್ಲ ಈಗ ಸಿಂಕಿನ ಬಿಸಿನೀರಿನಲ್ಲಿ ಶಾವಿಗೆಯ ಹಾಗೆ ತೇಲುತ್ತಿದ್ದವು.

"ಅಯ್ಯಯ್ಯೋ!" ಎಂದಳು ಬ್ರಿಟಾ.

ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಸ್ಕೂಲಿಂದ ಬಂದವಳೇ ಕಪಾಟಿನ ಪಿಂಗಾಣಿ ಪಾತ್ರೆಗಳನ್ನೆಲ್ಲ ಇಳಿಸಿ ಸೋಪುನೀರಿಗೆ ಹಾಕಿದ್ದಳು. ಅಜ್ಜಿ ಮಲಗಿ ಏಳುವಷ್ಟರಲ್ಲಿ ಎಲ್ಲ ಫಳಫಳ ಹೊಳೆಯುತ್ತಿರಬೇಕು ಎಂಬುದು ಅವಳ ಪ್ಲಾನ್. ಒಂದನ್ನೂ ತಿರುವಿ ತಳ ನೋಡಿರಲಿಲ್ಲ.

ಒಂದು ತುಂಡು ಎತ್ತಿ ಓದಿದಳು. 'ಡೀನ್.' ಅದು ಅಪ್ಪನ ಹೆಸರು. ಇನ್ನೊಂದು, 'ಲೋರ್ನಾ.' ಅದು ಅತ್ತೆಯದು.

ಹೋದ ವಾರ ಅಜ್ಜಿ ಅಪ್ಪನಿಗೆ ಹೇಳಿದ್ದು ಆಗ ನೆನಪಾಯಿತು. "ಹಬ್ಬ ಮುಗಿದ ಮೇಲೆ ಹಾರ್ಟ್ ಆಪರೇಷನ್ನು. ನನಗೇನಾದರೂ ಆದರೆ ನೀವು ಜಗಳ ಆಡಬಾರದು. ಯಾವುದು ಯಾರಿಗೆ ಅಂತ ತಳದಲ್ಲೇ ಬರೆದಿಟ್ಟಿದ್ದೀನಿ."

ಬ್ರಿಟಾ ಪಾತ್ರೆಗಳನ್ನು ಒಂದೊಂದಾಗಿ ತಿರುವಿ ನೋಡಿದಳು. ಯಾವ ಹೆಸರು ಯಾವ ಪಾತ್ರೆಯದು? ಇನ್ನು ಗೊತ್ತಾಗುವುದು ಹೇಗೆ?

ಒಂದು ಟೇಪ್ ಮಾತ್ರ ಬಿಟ್ಟಿರಲಿಲ್ಲ. ನೀಲಿ ಹೂವಿನ ಕಾಫಿ ಜಗ್‌ನ ತಳದಲ್ಲಿ ಅದು ಅರ್ಧ ಎದ್ದು ನಿಂತಿತ್ತು. ಮೇಲೆ ಬೇರೆ ಯಾರದೋ ಕೈಬರಹದಲ್ಲಿ 'ಲೋರ್ನಾ' ಎಂದಿತ್ತು. ಅದರ ಕೆಳಗೆ ಇನ್ನೊಂದು ಹಳೇ ಟೇಪು. ಅದರ ಮೇಲೆ ಅಜ್ಜಿಯ ಕೈಬರಹದಲ್ಲಿ 'ವರ್ನ್' ಎಂದಿತ್ತು.

"ಏನೇ ಅದು, ಅಡುಗೆಮನೆಯಲ್ಲಿ ಅಷ್ಟು ಸದ್ದು?" ಅಜ್ಜಿ ಕೋಲೂರಿಕೊಂಡು ಬಂದೇಬಿಟ್ಟಳು.

ಬ್ರಿಟಾ ಅಳುತ್ತಾ ಎಲ್ಲ ಹೇಳಿದಳು. ಅಜ್ಜಿ ಸಿಂಕಿನೊಳಗೆ ಇಣುಕಿದಳು. ತೇಲುತ್ತಿದ್ದ ಒಂದು ತುಂಡನ್ನು ಎತ್ತಿ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹದಿನೈದು ವರ್ಷದಿಂದ ಆ ಪಾತ್ರೆಗಳನ್ನ ಒರೆಸಿದ್ದು ಬಿಟ್ಟರೆ ನಾನು ತೊಳೆದೇ ಇಲ್ಲ ಕಣೇ! ಟೇಪು ಹೋಗುತ್ತೆ ಅಂತ!"

"ಬಯ್ಯಲ್ವಾ ಅಜ್ಜಿ?"

"ಬಯ್ಯೋದು ಆಮೇಲೆ. ಮೊದಲು ಫೋನ್ ಕೊಡು."

ಅಜ್ಜಿ ವಕೀಲೆ ಪ್ರೂಯಿಟ್‌ಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ಕತೆ ಕೇಳಿ ವಕೀಲೆಯೂ ನಕ್ಕರು.

"ಆರ್ಡಿಸಮ್ಮಾ, ನಿಮ್ಮ ಉಯಿಲಿನಲ್ಲಿ ಏನು ಬರೆದಿದೆ? ಮನೆಸಾಮಾನು ನೀವು ಸಹಿ ಮಾಡಿದ ಪಟ್ಟಿಯಂತೆ ಹಂಚಬೇಕು ಅಂತ. ನಾಲ್ಕು ವರ್ಷದಿಂದ ಕೇಳ್ತಾ ಇದ್ದೀನಿ, ಎಲ್ಲಿ ಪಟ್ಟಿ?"

"ಟೇಪ್ ಅಂಟಿಸಿದ್ದೆನಲ್ಲ."

"ಟೇಪಿಗೆ ಸಹಿ ಇದೆಯಾ? ತಾರೀಖಿದೆಯಾ? ಯಾರು ಬೇಕಾದರೂ ಕಿತ್ತು ಬೇರೆ ಅಂಟಿಸಬಹುದು."

ಬ್ರಿಟಾ ಜಗ್ಗನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

"ಪಟ್ಟಿ ಮಾಡಿಸೋಕೆ ಎಷ್ಟಾಗುತ್ತೆ?" ಅಜ್ಜಿ ಹುಬ್ಬೇರಿಸಿದಳು.

"ಒಂದು ಹಾಳೆ, ಒಂದು ಪೆನ್ನು. ಗುರುತು ಸಿಗೋ ಹಾಗೆ ಬರೆದು, ಸಹಿ ಮಾಡಿ, ತಾರೀಖು ಹಾಕಿ ಉಯಿಲಿನ ಜೊತೆ ಇಡಿ. ಈ ಫೋನಿಗೂ ದುಡ್ಡಿಲ್ಲ."

"ಇದನ್ನ ಮೊದಲೇ ಹೇಳೋದಲ್ವಾ?"

"ಹೇಳಿದ್ದೆ. ನೀವು ನನ್ನ ಗಡಿಯಾರ ನೋಡ್ತಾ ಕೂತಿದ್ರಿ!"

ಫೋನ್ ಇಟ್ಟ ಮೇಲೆ ಬ್ರಿಟಾ ಮೆಲ್ಲಗೆ ಜಗ್ಗನ್ನು ಮೇಜಿನ ಮೇಲೆ ತಿರುವಿಟ್ಟಳು. ಅಜ್ಜಿ ಎರಡೂ ಟೇಪು ಓದಿ ಮತ್ತೆ ಫೋನ್ ಎತ್ತಿದಳು.

"ಲೋರ್ನಾ, ವರ್ನ್ ಹೆಸರಿನ ಮೇಲೆ ನೀನು ಅಂಟಿಸಿದ ಟೇಪು ನೆನೆದು ಎದ್ದುಬಿಟ್ಟಿದೆ ಕಣೇ."

"ಅಮ್ಮಾ... ಅಪ್ಪ ಕಾಫಿ ಕುಡೀತಿದ್ದ ಜಗ್ಗು ಅದು. ಟಪಾಲಿನವನಿಗೆ ಹೋಗುತ್ತಲ್ಲ ಅಂತ ಬೇಜಾರಾಯ್ತು. ಅವನೇನು ನಮ್ಮ ಮನೆಯವನಾ?"

"ಹೋದ ಜನವರಿಯಲ್ಲಿ ನಾನು ಇದೇ ಅಡುಗೆಮನೆಯಲ್ಲಿ ಬಿದ್ದೆನಲ್ಲ. ಏಳೋಕಾಗದೆ ರಾತ್ರಿಯೆಲ್ಲ ನೆಲದ ಮೇಲಿದ್ದೆ. ನೀವ್ಯಾರೂ ಊರಲ್ಲಿರಲಿಲ್ಲ. ಹಿಂದಿನ ದಿನದ ಕಾಗದ ಡಬ್ಬಿಯಲ್ಲೇ ಇದ್ದಿದ್ದು ನೋಡಿ ಬಾಗಿಲು ಬಡಿದವನು ವರ್ನ್."

"ಆಂಬುಲೆನ್ಸ್ ಬಂತು ಅಂದೆಯಲ್ಲ?"

"ಅದನ್ನ ಕರೆದವರು ಯಾರು ಅಂತ ನೀನು ಕೇಳಲಿಲ್ಲ. ನಾನೂ ಹೇಳಲಿಲ್ಲ. ತಪ್ಪು ನನ್ನದೂ ಇದೆ."

ಲೋರ್ನಾ ಅತ್ತೆ ಮೂಗೆಳೆದ ಸದ್ದು ಕೇಳಿಸಿತು. "ಅವರಿಗೇ ಕೊಡಮ್ಮಾ. ನನ್ನ ಲೆಕ್ಕದಲ್ಲೂ ಥ್ಯಾಂಕ್ಸ್ ಹೇಳು."

ಅಜ್ಜಿ ಒಂದು ಹಾಳೆ, ಒಂದು ಪೆನ್ನು ತಂದಳು. ಬ್ರಿಟಾ ಬರೆಯಲು ಕೂತಳು. ಅಜ್ಜಿ ಪ್ರತಿ ಪಾತ್ರೆಯನ್ನೂ ಎತ್ತಿ ಹಿಡಿದು ಹೇಳುವಳು. ಸಾರಿನ ಬಟ್ಟಲು ಎದುರು ಮನೆಯ ಐರಿಸ್‌ಗೆ, ಹಾರ್ಟ್ ತಪಾಸಣೆಗೆಲ್ಲ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದಿದ್ದಕ್ಕೆ. ಚಿನ್ನದ ಅಂಚಿನ ತಟ್ಟೆಗಳು ಡೀನ್‌ಗೆ, ಬ್ರಿಟಾಳ ಜೊತೆ ಈ ಮನೆಗೇ ವಾಪಸ್ ಬಂದು ನೆಲೆಸಿದ್ದಕ್ಕೆ. ಆಲೂಗಡ್ಡೆಯ ಲೆಫ್ಸೆ ರೊಟ್ಟಿ ಲಟ್ಟಿಸುವ ಲಟ್ಟಣಿಗೆ ಬ್ರಿಟಾಗೆ.

"ನನಗೆ ಯಾಕಜ್ಜಿ?"

"ಹೇಳದೆ ಕೇಳದೆ ಪಾತ್ರೆ ತೊಳೆದಿದ್ದಕ್ಕೆ!"

ಇಪ್ಪತ್ತಮೂರನೆಯದು ಜಗ್ಗು. ಬ್ರಿಟಾ ಪೆನ್ನು ಎತ್ತಿ ಸುಮ್ಮನೆ ಕೂತಳು.

"ಅಜ್ಜಿ, ಪಟ್ಟಿಯಲ್ಲಿ ಬರೆದರೆ ಇದು ವರ್ನ್ ಅಂಕಲ್‌ಗೆ ಯಾವಾಗ ಸಿಗುತ್ತೆ?"

"ನಾನು ಹೋದಮೇಲೆ."

"ಅವಾಗ ಅವರಿಗೆ ಥ್ಯಾಂಕ್ಸ್ ಹೇಳೋರು ಯಾರು?"

ಅಜ್ಜಿ ಪೆನ್ನು ಇಸಿದುಕೊಂಡು, ಇಪ್ಪತ್ತೆರಡನೇ ಸಾಲಿನ ಕೆಳಗೆ ಸಹಿ ಮಾಡಿ ತಾರೀಖು ಹಾಕಿದಳು.

ಮರುದಿನ ಸಂಜೆ ವರ್ನ್ ಟಪಾಲು ತಂದಾಗ ಇಬ್ಬರೂ ಜಗ್ಗು ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಅಮ್ಮಾ, ಇಪ್ಪತ್ತು ಡಾಲರಿಗಿಂತ ಹೆಚ್ಚಿನ ಗಿಫ್ಟ್ ನಾವು ತಗೊಳ್ಳೋ ಹಾಗಿಲ್ಲ. ರೂಲ್ಸ್ ಇದೆ."

"ಜಗ್ಗಿನ ಮೂತಿ ನೋಡು, ಚೂರು ಒಡೆದಿದೆ. ಹದಿನೈದಕ್ಕೂ ಯಾರೂ ಕೊಳ್ಳಲ್ಲ. ಹಿಡ್ಕೋ," ಎಂದಳು ಅಜ್ಜಿ. ಆಮೇಲೆ ದನಿ ತಗ್ಗಿಸಿ, "ಅವತ್ತು ನೀನು ಬಾಗಿಲು ಬಡಿದೆಯಲ್ಲ, ವರ್ನ್," ಎಂದಳು.

ವರ್ನ್ ಟೋಪಿ ತೆಗೆದ. ಜಗ್ಗನ್ನು ತನ್ನ ಮಫ್ಲರಿನಲ್ಲಿ ಸುತ್ತಿ, ಟಪಾಲು ಚೀಲದಲ್ಲಿ ಮೆಲ್ಲಗೆ ಇಟ್ಟುಕೊಂಡ.

ಅವನು ಹಿಮದಲ್ಲಿ ನಡೆದು ಹೋಗುವುದನ್ನು ಬ್ರಿಟಾ ಕಿಟಕಿಯಿಂದ ನೋಡಿದಳು. ಅಜ್ಜಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಟೇಪು ಹೋಯಿತು. ಜಗ್ಗೂ ಹೋಯಿತು. ಅಜ್ಜಿ ಇದ್ದಳು.